ಮರೆತ ಶೀರ್ಷಿಕೆಯೂ ಸ್ಮೃತಿಯ ಪ್ರಾಮಾಣ್ಯವೂ

ಬಾಲ್ಯದಲ್ಲಿ ಓದಿದ ಪುಸ್ತಕದ ಹೆಸರೂ ಅದನ್ನು ಬರೆದವರ ಹೆಸರೂ ಮರೆತುಹೋಗಿ, ಒಳಗಿನ ಒಂದು ಚಿತ್ರ, ಕಥೆಯ ಒಂದು ತಿರುವು, ಓದುವಾಗ ಆದ ಭಯ ಅಥವಾ ಸಂತೋಷ ಮಾತ್ರ ಮನಸ್ಸಿನಲ್ಲಿ ಉಳಿದುಬಿಡುವುದು ಓದುವ ಹವ್ಯಾಸವಿರುವ ಬಹುಮಂದಿಗೆ ಪರಿಚಿತವಾದ ಸಂಗತಿ. ಅಂಥ ಪುಸ್ತಕವನ್ನು ನಡುವಯಸ್ಸಿನಲ್ಲಿ ಹುಡುಕಹೊರಟವರು ಗ್ರಂಥಪಾಲಕರನ್ನು, ಹಳೆಯ ಪುಸ್ತಕದ ಅಂಗಡಿಯವರನ್ನು, ಜೊತೆಯಲ್ಲಿ ಓದಿ ಬೆಳೆದ ಅಕ್ಕತಂಗಿಯರನ್ನು ವಿಚಾರಿಸುತ್ತಾರೆ. ಕೇಳಿದವರು ಇದನ್ನು ಕಳೆದ ಕಾಲದ ಮೇಲಿನ ಮೋಹವೆಂದು ಬದಿಗಿಡುವುದೇ ಹೆಚ್ಚು. ಆದರೆ ಈ ಹುಡುಕಾಟವು ಜ್ಞಾನಮೀಮಾಂಸೆಯ, ಎಂದರೆ ಅರಿವು ಹೇಗೆ ಹುಟ್ಟುತ್ತದೆ ಮತ್ತು ಯಾವಾಗ ನಂಬಿಕೆಗೆ ಅರ್ಹವಾಗುತ್ತದೆ ಎಂಬುದನ್ನು ವಿಚಾರಿಸುವ ಶಾಸ್ತ್ರದ, ಮೂರು ಹಳೆಯ ಪ್ರಶ್ನೆಗಳನ್ನು ತನ್ನೊಳಗೆ ಇಟ್ಟುಕೊಂಡಿದೆ. ಮರೆತದ್ದನ್ನು ಹುಡುಕುವುದು ಹೇಗೆ ಸಾಧ್ಯ? ಸಿಕ್ಕಿದ್ದು ಅದೇ ಎಂದು ನಿರ್ಣಯಿಸುವುದು ಹೇಗೆ? ಆ ನಿರ್ಣಯಕ್ಕೆ ಆಧಾರವಾದ ಸ್ಮೃತಿಯನ್ನು ಪ್ರಮಾಣವೆಂದು, ಯಥಾರ್ಥ ಜ್ಞಾನದ ಸಾಧನವೆಂದು, ಒಪ್ಪಬಹುದೆ?

ಮೊದಲನೆಯ ಪ್ರಶ್ನೆ ಕ್ರಿ.ಪೂ. 4ನೇ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ಬರೆದ ‘ಮೆನೊ’ ಎಂಬ ಸಂವಾದದಲ್ಲಿ ಬಹಳ ತೀಕ್ಷ್ಣವಾಗಿ ಬಂದಿದೆ. ಗೊತ್ತಿರುವುದನ್ನು ಹುಡುಕುವ ಅಗತ್ಯವಿಲ್ಲ, ಗೊತ್ತಿಲ್ಲದ್ದನ್ನು ಹುಡುಕಲು ಬರುವುದಿಲ್ಲ, ಏಕೆಂದರೆ ಅದು ಎದುರಿಗೇ ಬಂದು ನಿಂತರೂ ಹುಡುಕುತ್ತಿದ್ದದ್ದು ಇದನ್ನೇ ಎಂದು ಗುರುತಿಸಲಾಗದು ಎಂಬುದು ಅಲ್ಲಿ ಎತ್ತಿರುವ ಆಕ್ಷೇಪ. ಸಾಕ್ರೆಟೀಸ್ ಇದಕ್ಕೆ ಉತ್ತರವಾಗಿ, ಕಲಿಕೆಯೆಂಬುದು ಆತ್ಮವು ಹಿಂದೆಯೇ ಅರಿತಿದ್ದರ ಮರುನೆನಪು ಎಂಬ ಸಿದ್ಧಾಂತವನ್ನು ಮುಂದಿಡುತ್ತಾನೆ. ರೇಖಾಗಣಿತ ಕಲಿಯದ ಆಳುಹುಡುಗನೊಬ್ಬನಿಗೆ ಪ್ರಶ್ನೆಗಳನ್ನಷ್ಟೇ ಕೇಳುತ್ತ, ಕೊಟ್ಟ ಚೌಕದ ಎರಡರಷ್ಟು ವಿಸ್ತೀರ್ಣದ ಚೌಕವನ್ನು ಅದರ ಕರ್ಣದ ಮೇಲೆ ರಚಿಸಬೇಕೆಂಬ ಉತ್ತರಕ್ಕೆ ಅವನನ್ನು ಮುಟ್ಟಿಸುತ್ತಾನೆ.

ಇದೇ ಉಭಯಸಂಕಟವನ್ನು ಶಂಕರಾಚಾರ್ಯರು ಬ್ರಹ್ಮಸೂತ್ರದ ಮೊದಲನೆಯ ಸೂತ್ರದ ಭಾಷ್ಯದಲ್ಲಿ ಪೂರ್ವಪಕ್ಷವಾಗಿ, ಎಂದರೆ ಎದುರಾಳಿಯ ವಾದವಾಗಿ, ಮುಂದಿಟ್ಟುಕೊಂಡು ಪರಿಹರಿಸುತ್ತಾರೆ. ಬ್ರಹ್ಮವು ತಿಳಿದಿರುವುದೇ ಆಗಿದ್ದರೆ ಅದರ ಜಿಜ್ಞಾಸೆ ವ್ಯರ್ಥ, ತಿಳಿಯದೇ ಇರುವುದಾದರೆ ಜಿಜ್ಞಾಸೆ ಅಸಾಧ್ಯ ಎಂಬ ಆಕ್ಷೇಪಕ್ಕೆ ಅವರು ಕೊಡುವ ಸಮಾಧಾನವೆಂದರೆ, ಎಲ್ಲರಿಗೂ ಆತ್ಮವಾಗಿರುವುದರಿಂದ ಅದು ಸಾಮಾನ್ಯರೂಪದಲ್ಲಿ ತಿಳಿದೇ ಇದೆ, ಆದರೆ ಅದರ ವಿಶೇಷಸ್ವರೂಪದ ವಿಷಯದಲ್ಲಿ ವಾದಿಗಳು ಒಂದೊಂದು ಬಗೆಯಾಗಿ ಹೇಳುತ್ತಾರೆ, ಆದುದರಿಂದ ವಿಚಾರಕ್ಕೆ ಎಡೆಯಿದೆ ಎಂಬುದು. ಸಾಮಾನ್ಯವಾಗಿ ತಿಳಿದು ವಿಶೇಷವಾಗಿ ತಿಳಿಯದಿರುವುದೇ ಎಲ್ಲ ಅನ್ವೇಷಣೆಯ ನೆಲೆಯೆಂಬ ಈ ತತ್ತ್ವವು ಬ್ರಹ್ಮಜಿಜ್ಞಾಸೆಯಂಥ ಪರಮವಿಷಯಕ್ಕೆ ಸಲ್ಲುವಂತೆಯೇ ಮಕ್ಕಳ ಪುಸ್ತಕದಂಥ ಸಣ್ಣ ವಿಷಯಕ್ಕೂ ಸಲ್ಲುತ್ತದೆ.

ಕನ್ನಡ ಓದುಗರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಬೆಂಗಳೂರಿನ ರಾಷ್ಟ್ರೋತ್ಥಾನದವರು ಪ್ರೊ. ಎಲ್. ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಹೊರತಂದ ‘ಭಾರತ-ಭಾರತಿ ಪುಸ್ತಕ ಸಂಪದ’ದ 510 ಕಿರುಹೊತ್ತಗೆಗಳು, ಮಹಾಪುರುಷರ ಮತ್ತು ಸಾಧಕಿಯರ ಚರಿತ್ರೆಗಳನ್ನು ಮಕ್ಕಳಿಗೆ ಹೇಳುವ ಉದ್ದೇಶದವು, ಒಂದೇ ಬಗೆಯ ಪುಟ್ಟ ಆಕಾರದಲ್ಲಿ ಒಂದೇ ಬಗೆಯ ವಿನ್ಯಾಸದಲ್ಲಿ ಅಚ್ಚಾದವು. ಈ ಮಾಲೆಯಲ್ಲಿ ಓದಿದ ಒಂದು ಪುಸ್ತಕವನ್ನು ಹುಡುಕುವವರಿಗೆ ಅದರ ಗಾತ್ರ, ಅಂಗೈಯಲ್ಲಿ ಹಿಡಿದಾಗಿನ ಹಗುರ, ಮಾಲೆಯ ಹೆಸರು ಎಲ್ಲವೂ ನಿಸ್ಸಂದೇಹವಾಗಿ ನೆನಪಿರುತ್ತವೆ. ಯಾರ ಚರಿತ್ರೆಯದು ಎಂಬುದು ಮಾತ್ರ ಜಾರಿಹೋಗಿರುತ್ತದೆ. ಸಾಮಾನ್ಯವು ಉಳಿದಿದೆ, ವಿಶೇಷವು ತಪ್ಪಿದೆ. ಹುಡುಕಾಟಕ್ಕೆ ದಿಕ್ಕನ್ನು ಕೊಡುವುದು ಉಳಿದ ಸಾಮಾನ್ಯ, ಅದಕ್ಕೆ ತವಕವನ್ನು ಕೊಡುವುದು ತಪ್ಪಿದ ವಿಶೇಷ.

ಕ್ರೈಸ್ತ ಚಿಂತಕ ಸಂತ ಅಗಸ್ಟೀನನು 4ನೇ ಶತಮಾನದ ಕೊನೆಯಲ್ಲಿ ಬರೆಯತೊಡಗಿದ ‘ಕನ್ಫೆಷನ್ಸ್’ ಗ್ರಂಥದ 10ನೇ ಭಾಗದಲ್ಲಿ ಇದೇ ವಿಚಾರವನ್ನು ಇನ್ನೂ ಹತ್ತಿರದಿಂದ ನೋಡುತ್ತಾನೆ. ಬೈಬಲಿನ ದೃಷ್ಟಾಂತಕಥೆಯಲ್ಲಿ ನಾಣ್ಯ ಕಳೆದುಕೊಂಡು ದೀಪ ಹಚ್ಚಿ ಹುಡುಕಿದ ಹೆಂಗಸಿಗೆ ಆ ನಾಣ್ಯದ ನೆನಪು ಇಲ್ಲದೆ ಹೋಗಿದ್ದರೆ ಅದು ಸಿಕ್ಕಿದಾಗಲೂ ಸಿಕ್ಕಿತೆಂದು ತಿಳಿಯುತ್ತಿರಲಿಲ್ಲ ಎಂದು ಅವನು ವಾದಿಸುತ್ತಾನೆ. ಗುರುತಿನವರ ಹೆಸರು ಮರೆತಾಗ ಮನಸ್ಸು ತನ್ನೆದುರು ಬಂದ ಬೇರೆ ಹೆಸರುಗಳನ್ನೆಲ್ಲ ಅಲ್ಲ ಅಲ್ಲ ಎಂದು ತಳ್ಳಿ, ಸರಿಯಾದ ಹೆಸರು ಬಂದೊಡನೆ ನೆಮ್ಮದಿಗೊಳ್ಳುವುದನ್ನು ತೋರಿಸುತ್ತಾನೆ. ತಳ್ಳಿಹಾಕುವ ಈ ಶಕ್ತಿಯೇ ಮುಖ್ಯವಾದದ್ದು. ಪೂರ್ತಿ ಮರೆತವರು ಯಾವ ಪುಸ್ತಕವನ್ನು ತೋರಿಸಿದರೂ ಇರಬಹುದು ಎನ್ನುತ್ತಾರೆ. ಅರ್ಧ ಮರೆತವರಾದರೋ ತಪ್ಪು ಪುಸ್ತಕಗಳನ್ನು ಒಂದರ ಹಿಂದೊಂದು ನಿರಾಕರಿಸುತ್ತಾರೆ, ಆ ನಿರಾಕರಣೆಗೆ ಕಾರಣ ಕೇಳಿದರೆ ಹೇಳಲಾರರು. ಹೇಳಲಾಗದ ಆ ಕಾರಣವು ಮನಸ್ಸಿನಲ್ಲಿ ಎಲ್ಲಿಯೋ ಇದ್ದೇ ಇದೆ.

ಅದು ಇರುವ ಬಗೆಗೆ ಭಾರತೀಯ ದರ್ಶನಗಳು ಕೊಟ್ಟ ಹೆಸರು ಸಂಸ್ಕಾರ. ಅನುಭವವು ಕ್ಷಣದಲ್ಲಿ ಮುಗಿದುಹೋದರೂ ತನ್ನ ಅಚ್ಚೊಂದನ್ನು ಬಿಟ್ಟುಹೋಗುತ್ತದೆ. ಆ ಅಚ್ಚು ಸುಪ್ತವಾಗಿದ್ದು, ಉದ್ಬೋಧಕ ಎಂಬ ಪ್ರಚೋದಕ ನಿಮಿತ್ತ ಒದಗಿದಾಗ ಎಚ್ಚೆತ್ತು ಸ್ಮೃತಿಯಾಗುತ್ತದೆ. ಸಂಸ್ಕಾರವೊಂದರಿಂದಲೇ ಹುಟ್ಟುವ ಜ್ಞಾನವೇ ಸ್ಮೃತಿ ಎಂಬುದು ನ್ಯಾಯದರ್ಶನದಲ್ಲಿ ನೆಲೆಗೊಂಡ ಲಕ್ಷಣ. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಐದನೆಯ ಅಂಕದಲ್ಲಿ, ಶಾಪದಿಂದ ಶಕುಂತಲೆಯನ್ನು ಮರೆತಿರುವ ದುಷ್ಯಂತನು ಅಂತಃಪುರದಿಂದ ಕೇಳಿಬಂದ ಹಂಸಪದಿಕೆಯ ಹಾಡಿನಿಂದ ಕಾರಣವರಿಯದೆ ಕಳವಳಗೊಳ್ಳುವ ಸಂದರ್ಭವು ಸಂಸ್ಕಾರದ ಈ ಅರೆಎಚ್ಚರವನ್ನು ತೋರಿಸುತ್ತದೆ: ಉದ್ಬೋಧಕವು ತಟ್ಟಿದೆ, ಸಂಸ್ಕಾರವು ಅಲುಗಿದೆ, ಆದರೆ ವಿಷಯವು ಸ್ಫುಟವಾಗಿಲ್ಲ. ಹೆಸರು ಮರೆತ ಪುಸ್ತಕದ ನೆನಪು ಬಹುಕಾಲ ಇರುವುದು ಈ ಸ್ಥಿತಿಯಲ್ಲಿಯೇ.

ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಗೌತಮನು ಸ್ಮೃತಿಯನ್ನು ಎಬ್ಬಿಸುವ ನಿಮಿತ್ತಗಳ ದೊಡ್ಡದೊಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಮನಸ್ಸನ್ನು ಒಂದೆಡೆ ನಿಲ್ಲಿಸುವ ಪ್ರಣಿಧಾನ, ವಿಷಯಗಳು ಒಂದೇ ಕಟ್ಟಿನಲ್ಲಿ ಸೇರಿರುವ ನಿಬಂಧ, ಮತ್ತೆ ಮತ್ತೆ ಮಾಡಿದ ಅಭ್ಯಾಸ, ಗುರುತಾಗಿ ನಿಲ್ಲುವ ಲಿಂಗ, ಹೋಲಿಕೆಯೆಂಬ ಸಾದೃಶ್ಯ, ಒಂದರ ಹಿಂದೆ ಒಂದು ಬರುವ ಆನಂತರ್ಯ, ಅಗಲಿಕೆಯೆಂಬ ವಿಯೋಗ, ಸುಖ, ದುಃಖ, ಭಯ ಮೊದಲಾದ ಇಪ್ಪತ್ತಕ್ಕೂ ಹೆಚ್ಚು ಕಾರಣಗಳು ಅಲ್ಲಿವೆ. ಪುಸ್ತಕ ಹುಡುಕುವವರು ಮಾಡಬೇಕಾದ ಕೆಲಸಕ್ಕೆ ಇದಕ್ಕಿಂತ ಉತ್ತಮವಾದ ಕ್ರಮ ಇನ್ನೊಂದಿಲ್ಲ. ಭಯವಾದದ್ದು ಯಾವ ಚಿತ್ರ ನೋಡಿ, ಆ ಚಿತ್ರ ಎಡಪುಟದಲ್ಲಿತ್ತೆ ಬಲಪುಟದಲ್ಲಿತ್ತೆ, ಅದನ್ನು ಓದಿದ್ದು ಜ್ವರ ಬಂದು ಮಲಗಿದ್ದಾಗಲೋ ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿನಲ್ಲೋ, ಅದರ ಹಿಂದೆ ಓದಿದ್ದು ಯಾವ ಪುಸ್ತಕ, ಜೊತೆಯಲ್ಲಿ ಇಣುಕಿ ನೋಡುತ್ತಿದ್ದವರು ಯಾರು ಎಂಬ ಒಂದೊಂದು ಪ್ರಶ್ನೆಯೂ ಗೌತಮನ ಪಟ್ಟಿಯ ಒಂದೊಂದು ನಿಮಿತ್ತಕ್ಕೆ ಸೇರುತ್ತದೆ. ಮರೆತ ಹೆಸರನ್ನು ನೇರವಾಗಿ ನೆನೆಯಲು ಹೆಣಗುವುದರಿಂದ ಅದು ಬರುವುದು ಅಪರೂಪ. ಅದರ ನೆರೆಹೊರೆಯನ್ನು ಎಚ್ಚರಿಸುತ್ತ ಹೋದರೆ ಅದು ತಾನಾಗಿ ಎದ್ದು ಬರುವ ಸಂಭವ ಹೆಚ್ಚು.

ಇಲ್ಲಿ ಗ್ರಂಥಾಲಯದ ವ್ಯವಸ್ಥೆಗೂ ನೆನಪಿನ ವ್ಯವಸ್ಥೆಗೂ ಇರುವ ಅಂತರ ಎದ್ದುಕಾಣುತ್ತದೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಎರಡನೆಯದು ಓದುಗರು ಒಬ್ಬೊಬ್ಬರಿಗೂ ತಕ್ಕ ಪುಸ್ತಕ ದೊರೆಯಬೇಕೆಂದೂ, ಮೂರನೆಯದು ಪುಸ್ತಕ ಒಂದೊಂದಕ್ಕೂ ತಕ್ಕ ಓದುಗರು ದೊರೆಯಬೇಕೆಂದೂ ವಿಧಿಸುತ್ತವೆ. ಈ ಎರಡನ್ನೂ ನಡೆಸಿಕೊಡುವ ಗ್ರಂಥಸೂಚಿಯು ಲೇಖಕ, ಶೀರ್ಷಿಕೆ, ವಿಷಯ ಎಂಬ ಮೂರು ಬಾಗಿಲುಗಳನ್ನು ತೆರೆದಿಡುತ್ತದೆ. ಮಗುವಿನ ಸ್ಮೃತಿಯಾದರೋ ಈ ಮೂರನ್ನೂ ಬಿಟ್ಟು ಬಣ್ಣ, ಭಾವ, ಪಾತ್ರದ ಅವಸ್ಥೆ ಇವುಗಳನ್ನು ಹಿಡಿದಿಡುತ್ತದೆ. ಮಗುವಿಗೆ ಪುಸ್ತಕ ಬರುವುದು ಲೇಖಕರ ಕೃತಿಯಾಗಿ ಅಲ್ಲ, ಒಂದು ಲೋಕವಾಗಿ. ಲೋಕಕ್ಕೆ ಹೊರಗಿನಿಂದ ಯಾರೋ ಇಟ್ಟ ಹೆಸರನ್ನು ಮಗು ಗಮನಿಸದಿರುವುದು ಸಹಜವೇ ಆಗಿದೆ. ಆದುದರಿಂದ ಹೆಸರು ಮರೆತದ್ದು ನೆನಪಿನ ದೋಷವೆನ್ನುವುದಕ್ಕಿಂತ, ಮಗು ಯಾವುದನ್ನು ಸಾರವೆಂದು ಕಂಡಿತೋ ಅದನ್ನೇ ಉಳಿಸಿಕೊಂಡಿತು ಎನ್ನುವುದು ಹೆಚ್ಚು ಸರಿ.

ಉಳಿದ ಸಾರದಿಂದ ಕಳೆದ ಹೆಸರಿಗೆ ಹೋಗುವ ದಾರಿ ಅನುಮಾನ, ಎಂದರೆ ಕಂಡ ಗುರುತಿನಿಂದ ಕಾಣದ ವಸ್ತುವನ್ನು ತಿಳಿಯುವ ತರ್ಕಕ್ರಮ. ಹಿಮದ ನಡುವೆ ನಡೆಯುವ ಕಥೆ, ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಅನುವಾದ, ‘ರಾದುಗ ಪ್ರಕಾಶನ’ ಎಂಬ ಹೆಸರು, ಇಷ್ಟು ಮಾತ್ರ ಒಬ್ಬರಿಗೆ ನೆನಪಿದೆ ಎಂದು ಭಾವಿಸಬಹುದು. ಸೋವಿಯತ್ ಒಕ್ಕೂಟದ ಪ್ರಗತಿ ಪ್ರಕಾಶನದಿಂದ ಮಕ್ಕಳ ಸಾಹಿತ್ಯವನ್ನೂ ಕಥಾಸಾಹಿತ್ಯವನ್ನೂ ಬೇರ್ಪಡಿಸಿ ರಾದುಗ ಸಂಸ್ಥೆಯನ್ನು ಕಟ್ಟಿದ್ದು 1982ರಲ್ಲಿ, ಒಕ್ಕೂಟವು ಒಡೆದದ್ದು 1991ರಲ್ಲಿ. ಆದುದರಿಂದ ಆ ಹೆಸರು ನಿಜವಾಗಿಯೂ ಪುಸ್ತಕದ ಮೇಲಿದ್ದರೆ ಅದು ಅಚ್ಚಾದದ್ದು ಬಹುಮಟ್ಟಿಗೆ ಆ ಒಂದು ದಶಕದೊಳಗೆ. ಭಾರತದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದೆಡೆಗೆ ಸಲ್ಲಿಸಬೇಕೆಂಬ 1954ರ ಕಾಯ್ದೆಯು ಮಾಸ್ಕೋದ ಪ್ರಕಾಶಕರಿಗೆ ಅನ್ವಯಿಸುವಂಥದಲ್ಲವಾದುದರಿಂದ, ಅದನ್ನು ಆ ಸಲ್ಲಿಕೆಯ ಸಂಗ್ರಹಕ್ಕಿಂತ ಮೊದಲು ಸೋವಿಯತ್ ಪುಸ್ತಕಗಳನ್ನು ಮಾರುತ್ತಿದ್ದ ನವಕರ್ನಾಟಕದಂಥ ಮಳಿಗೆಗಳಿಂದ ಕೊಂಡವರ ಮನೆಗಳಲ್ಲಿ ಹುಡುಕುವುದು ವಿವೇಕ. ಪ್ರಕಾಶನದ ಒಂದು ಹೆಸರು ತರ್ಕಶಾಸ್ತ್ರದಲ್ಲಿ ಹೇಳುವ ಲಿಂಗವಾಗಿ, ಬೆಂಕಿಯನ್ನು ತಿಳಿಸುವ ಹೊಗೆಯಂತೆ, ಇಷ್ಟೆಲ್ಲವನ್ನು ತಿಳಿಸಿಕೊಡುತ್ತದೆ.

ಆದರೆ ಲಿಂಗವೇ ತಪ್ಪಾಗಿ ನೆನಪಾಗಿದ್ದರೆ ಅನುಮಾನವೂ ತಪ್ಪಾಗುತ್ತದೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರಿಗೆ ಓದಲು ಕೊಟ್ಟು ಕಾಲಾಂತರದಲ್ಲಿ ಮತ್ತೆ ಮತ್ತೆ ಹೇಳಿಸಿದಾಗ, ಅಪರಿಚಿತ ವಿವರಗಳು ಬಿಟ್ಟುಹೋಗಿ ಪರಿಚಿತ ವಿವರಗಳು ಅವುಗಳ ಜಾಗಕ್ಕೆ ಬಂದವು. ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ನೆನಪೆಂಬುದು ಉಗ್ರಾಣದಿಂದ ತೆಗೆದ ವಸ್ತುವಲ್ಲ, ಪ್ರತಿಸಲವೂ ಕಟ್ಟಿಕೊಳ್ಳುವ ರಚನೆ ಎಂದು ಅವನು ನಿರ್ಣಯಿಸಿದ. ಪ್ರಾಭಾಕರ ಮೀಮಾಂಸಕರು ಭ್ರಮೆಯನ್ನು ವಿವರಿಸಲು ಬಳಸಿದ ಸ್ಮೃತಿಪ್ರಮೋಷ ಎಂಬ ಕಲ್ಪನೆಯೂ ಇಲ್ಲಿ ಬೆಳಕು ಚೆಲ್ಲುತ್ತದೆ: ನೆನಪಾದ ಅಂಶವು ತಾನು ನೆನಪು ಎಂಬ ಗುರುತನ್ನು ಕಳೆದುಕೊಂಡು ಬೇರೊಂದು ಅರಿವಿನೊಡನೆ ಬೆರೆತಾಗ, ಎರಡರ ನಡುವಿನ ಭೇದ ತಿಳಿಯದೆ ಹೋಗುವುದೇ ಭ್ರಮೆ ಎನ್ನುತ್ತಾರೆ ಅವರು. ಇಲಿಗಳ ಕಾಟ, ಹೊಳೆಯ ದಡದ ಊರು, ವಾದ್ಯದ ಮೋಡಿ, ಕಾಣೆಯಾದ ಮಕ್ಕಳು ಇಷ್ಟು ನೆನಪಿರುವ ಕನ್ನಡ ಓದುಗರು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿರಬಹುದು, ಹ್ಯಾಮೆಲಿನ್ ಊರಿನ ಮೂಲ ದಂತಕಥೆಯ ಯಾವುದೋ ಗದ್ಯರೂಪವನ್ನು ಓದಿರಬಹುದು, ಎರಡನ್ನೂ ಓದಿ ಒಂದಾಗಿಸಿಕೊಂಡಿರಲೂಬಹುದು. ಊರಿನ ಪಕ್ಕದ ಹೊಳೆ ತುಂಗೆಯೋ ಅಲ್ಲವೋ ಎಂಬ ಒಂದು ವಿಶೇಷವು ಮಾತ್ರ ಇದನ್ನು ತೀರ್ಮಾನಿಸಬಲ್ಲದು. ಎಷ್ಟೋ ಹುಡುಕಾಟಗಳು ಫಲಿಸದಿರುವುದು ಪುಸ್ತಕ ಇಲ್ಲವಾದುದರಿಂದಲ್ಲ, ಎರಡು ಪುಸ್ತಕಗಳು ಒಂದಾಗಿ ಕೂತಿರುವುದರಿಂದ.

ಎರಡನೆಯ ಪ್ರಶ್ನೆ, ಸಿಕ್ಕಿದ್ದು ಅದೇ ಎಂಬ ನಿರ್ಣಯ, ದರ್ಶನಗಳಲ್ಲಿ ಪ್ರತ್ಯಭಿಜ್ಞೆ ಎಂಬ ಹೆಸರಿನಿಂದ ಚರ್ಚಿತವಾಗಿದೆ. ಅಂದು ಕಂಡ ದೇವದತ್ತನೇ ಈತ ಎಂಬಂಥ ಅರಿವಿನಲ್ಲಿ ಕಣ್ಣೆದುರಿನ ವಸ್ತುವಿನ ಪ್ರತ್ಯಕ್ಷವೂ ಹಳೆಯ ಸಂಸ್ಕಾರವೂ ಕೂಡಿ ಒಂದೇ ಜ್ಞಾನವಾಗುತ್ತವೆಂದು ನೈಯಾಯಿಕರು ಹೇಳುತ್ತಾರೆ. ಎಲ್ಲವೂ ಕ್ಷಣಿಕವೆನ್ನುವ ಬೌದ್ಧರು ಇದನ್ನು ಒಪ್ಪದೆ, ದೀಪದ ಜ್ವಾಲೆ ಕ್ಷಣಕ್ಷಣಕ್ಕೂ ಬೇರೆಯಾಗಿದ್ದರೂ ಒಂದೇ ಎನಿಸುವಂತೆ, ಕತ್ತರಿಸಿದ ಮೇಲೆ ಬೆಳೆದ ಕೂದಲು ಮೊದಲಿನದೇ ಎನಿಸುವಂತೆ, ಪ್ರತ್ಯಭಿಜ್ಞೆಯು ಸಾದೃಶ್ಯವನ್ನು ಐಕ್ಯವೆಂದು ತಿಳಿಯುವ ಭ್ರಾಂತಿ ಎನ್ನುತ್ತಾರೆ. ಪುಸ್ತಕದ ವಿಷಯದಲ್ಲಿ ಈ ಆಕ್ಷೇಪಕ್ಕೆ ಬಲವಿದೆ. ಅಂಗಡಿಯಲ್ಲಿ ದೊರೆತ ಪ್ರತಿಯು ಬಾಲ್ಯದಲ್ಲಿ ಕೈಯಲ್ಲಿದ್ದ ಪ್ರತಿಯಲ್ಲ. ಮರುಮುದ್ರಣವಾದರೆ ಚಿತ್ರಗಳು ಬದಲಾಗಿರಬಹುದು, ಪರಿಷ್ಕರಣವಾಗಿದ್ದರೆ ವಾಕ್ಯಗಳೂ ಬದಲಾಗಿರಬಹುದು. ಹಾಗಿದ್ದರೂ ಒಂದೇ ಕೃತಿಯು ಅನೇಕ ಪ್ರತಿಗಳಲ್ಲಿ ಪೂರ್ತಿಯಾಗಿ ಇರಬಲ್ಲದು ಎಂಬುದನ್ನು ಒಪ್ಪಿದರೆ, ಅದೇ ಇದು ಎಂಬ ನುಡಿಯು ಪ್ರತಿಯ ವಿಷಯದಲ್ಲಿ ಸುಳ್ಳಾಗಿ ಕೃತಿಯ ವಿಷಯದಲ್ಲಿ ನಿಜವಾಗುತ್ತದೆ. ಹುಡುಕುವವರು ತಾವು ಅರಸುತ್ತಿರುವುದು ಇವೆರಡರಲ್ಲಿ ಯಾವುದನ್ನು ಎಂಬುದನ್ನು ಮೊದಲೇ ಸ್ಪಷ್ಟಮಾಡಿಕೊಂಡರೆ ವ್ಯರ್ಥ ನಿರಾಶೆ ತಪ್ಪುತ್ತದೆ.

10ನೇ ಶತಮಾನದ ಕಾಶ್ಮೀರದ ಶೈವ ದಾರ್ಶನಿಕ ಉತ್ಪಲದೇವನು ತನ್ನ ‘ಈಶ್ವರಪ್ರತ್ಯಭಿಜ್ಞಾಕಾರಿಕೆ’ಯ ಕೊನೆಯಲ್ಲಿ, ಗುಣಗಳನ್ನು ಕೇಳಿಯೇ ಒಬ್ಬನನ್ನು ಪ್ರೀತಿಸುವ ತರುಣಿಯು ಅವನು ಎದುರಿಗೇ ನಿಂತಿದ್ದರೂ ಇವನೇ ಅವನು ಎಂದು ತಿಳಿಯುವವರೆಗೆ ಅವನನ್ನು ಸಾಮಾನ್ಯ ಮನುಷ್ಯನಂತೆ ಕಾಣುವ ದೃಷ್ಟಾಂತವನ್ನು ಕೊಡುತ್ತಾನೆ, ಜೀವನು ತನ್ನೊಳಗಿರುವ ಈಶ್ವರನನ್ನು ಕಾಣದಿರುವುದೂ ಹೀಗೆಯೇ ಎಂಬುದು ಅವನ ತಾತ್ಪರ್ಯ. ಹುಡುಕಿದ ಪುಸ್ತಕವು ಕಪಾಟಿನಲ್ಲಿದ್ದು ಬೆನ್ನುಪಟ್ಟಿಯ ಹೆಸರನ್ನು ಹತ್ತಾರು ಸಲ ಓದಿದ್ದರೂ ಅದೇ ಎಂದು ಹೊಳೆಯದೆ, ಒಳಗಿನ ಒಂದು ಚಿತ್ರ ಕಂಡೊಡನೆ ಹೊಳೆಯುವುದು ಈ ಮಾತಿಗೆ ಲೌಕಿಕ ಸಾಕ್ಷಿ. ಸನ್ನಿಧಿಯೊಂದೇ ಸಾಲದು, ಗುರುತಿಸುವಿಕೆಯೂ ಬೇಕು.

ಮೂರನೆಯ ಪ್ರಶ್ನೆಯಲ್ಲಿ ದರ್ಶನಗಳು ಎರಡು ಪಕ್ಷವಾಗಿ ನಿಲ್ಲುತ್ತವೆ. ಮೊದಲೇ ಗ್ರಹಿಸಿದ್ದನ್ನು ಮತ್ತೆ ಗ್ರಹಿಸುವುದರಿಂದ ಸ್ಮೃತಿಯಲ್ಲಿ ಹೊಸತೇನೂ ಇಲ್ಲ, ಆದುದರಿಂದ ಅದು ಪ್ರಮಾಣವಲ್ಲ ಎಂದು ಭಾಟ್ಟ ಮೀಮಾಂಸಕರು ಹೇಳಿದರೆ, ನೈಯಾಯಿಕರೂ ಬೇರೆ ಕಾರಣಗಳಿಂದ ಅದನ್ನು ಪ್ರಮಾಣಗಳ ಸಾಲಿನಿಂದ ಹೊರಗಿಟ್ಟರು. ಜೈನ ತಾರ್ಕಿಕರು, 8ನೇ ಶತಮಾನದ ಅಕಲಂಕನ ಪರಂಪರೆಯವರು, ಸ್ಮೃತಿ ಮತ್ತು ಪ್ರತ್ಯಭಿಜ್ಞೆಗಳೆರಡನ್ನೂ ಪರೋಕ್ಷ ಪ್ರಮಾಣಗಳಾಗಿ ಸ್ವೀಕರಿಸಿದರು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ದ್ವೈತ ವೇದಾಂತವು ವಸ್ತುವು ಇದ್ದಂತೆಯೇ ಅರಿಯುವುದೇ ಪ್ರಮಾಣವೆಂದು ಲಕ್ಷಣ ಹೇಳಿ, ಹೊಸತನವನ್ನು ಅದಕ್ಕೆ ಷರತ್ತಾಗಿ ಒಡ್ಡಲಿಲ್ಲ. ಅದರ ವಿವರಣೆಕಾರರಾದ 14ನೇ ಶತಮಾನದ ಜಯತೀರ್ಥರು, ಟೀಕಾಚಾರ್ಯರೆಂದು ಖ್ಯಾತರಾದವರು, ಮನಸ್ಸೆಂಬ ಇಂದ್ರಿಯವು ಸಂಸ್ಕಾರದ ಮೂಲಕ ಗತವಸ್ತುವನ್ನು ಗತವೆಂದೇ ಗ್ರಹಿಸುವುದರಿಂದ ಸ್ಮೃತಿಯು ಯಥಾರ್ಥವೆಂಬ ಪಕ್ಷವನ್ನು ಸಮರ್ಥಿಸಿದರು.

ಹೆಸರು ಮರೆತ ಪುಸ್ತಕದ ಹುಡುಕಾಟವು ಈ ಎರಡನೆಯ ಪಕ್ಷಕ್ಕೆ ಬೆಂಬಲ ಕೊಡುತ್ತದೆ. ಹುಡುಕಿ ತೆಗೆದ ಪುಸ್ತಕದಲ್ಲಿ ನೆನಪಿನ ಚಿತ್ರವು ನೆನಪಿನ ಪುಟದಲ್ಲಿಯೇ ಇದ್ದಾಗ, ಅಷ್ಟು ವರ್ಷ ಯಾವ ಸಾಕ್ಷಿಯೂ ಇಲ್ಲದೆ ಮನಸ್ಸು ಹಿಡಿದುಕೊಂಡಿದ್ದ ಅರಿವು ನಿಜವಾಗಿತ್ತೆಂದು ತಿಳಿಯುತ್ತದೆ. ಪುಸ್ತಕವು ಅದನ್ನು ನಿಜಮಾಡಲಿಲ್ಲ, ನಿಜವೆಂದು ತೋರಿಸಿತು ಅಷ್ಟೆ. ಬಾರ್ಟ್ಲೆಟ್ ತೋರಿಸಿದ ತಪ್ಪುಗಳು ಈ ನಿರ್ಣಯವನ್ನು ಕೆಡಿಸುವುದಿಲ್ಲ. ಮಂಜಿನಲ್ಲಿ ಕಣ್ಣು ತಪ್ಪುತ್ತದೆ, ಹೇತು ಕೆಟ್ಟರೆ ಅನುಮಾನ ತಪ್ಪುತ್ತದೆ. ಆದರೂ ಆ ಕಾರಣಕ್ಕಾಗಿ ಬಹುತೇಕ ದರ್ಶನಗಳು ಪ್ರತ್ಯಕ್ಷಾನುಮಾನಗಳನ್ನು ಪ್ರಮಾಣವಲ್ಲವೆಂದು ತಳ್ಳಲಿಲ್ಲ. ಸ್ಮೃತಿಗೂ ಅದೇ ನ್ಯಾಯ ಸಲ್ಲಬೇಕು: ಅದನ್ನು ನಂಬಬೇಕು, ಆದರೆ ವಸ್ತು ದೊರೆತಾಗ ಅದರ ಮುಂದೆ ತನ್ನನ್ನು ತಿದ್ದಿಕೊಳ್ಳಲು ಅದು ಸಿದ್ಧವಾಗಿರಬೇಕು.

ಇದರ ಹಿಂದೆ ಇನ್ನೂ ಆಳವಾದ ಸಂಗತಿಯೊಂದಿದೆ. ಒಬ್ಬನು ಕಂಡದ್ದನ್ನು ಇನ್ನೊಬ್ಬನು ನೆನೆಯಲಾರನೆಂಬ ನಿಯಮವನ್ನು ಹಿಡಿದು ನೈಯಾಯಿಕರು ಸ್ಥಿರವಾದ ಆತ್ಮವನ್ನು ಸಾಧಿಸಿದರು. ಎಂಟು ವರ್ಷದ ಮಗು ಓದಿದ್ದನ್ನು ಐವತ್ತರ ಹರೆಯದವರು ಗುರುತಿಸುತ್ತಾರಾದರೆ ಇಬ್ಬರೂ ಒಬ್ಬರೇ ಆಗಿರಬೇಕು. ದೇಹ, ಅಭಿರುಚಿ, ನಂಬಿಕೆ ಎಲ್ಲವೂ ಬದಲಾದ ಮೇಲೂ ಪುಸ್ತಕವನ್ನು ಗುರುತಿಸುವ ಕ್ಷಣದಲ್ಲಿ ಓದುಗರು ತಮ್ಮನ್ನೂ ಗುರುತಿಸಿಕೊಳ್ಳುತ್ತಾರೆ. ಆ ಹುಡುಕಾಟದ ತೀವ್ರತೆಗೆ ಕಾರಣವೂ ಇದೇ. ಭಗವದ್ಗೀತೆಯ 15ನೇ ಅಧ್ಯಾಯದ 15ನೇ ಶ್ಲೋಕದಲ್ಲಿ ಕೃಷ್ಣನು ಸ್ಮೃತಿಯೂ ಜ್ಞಾನವೂ ಅವುಗಳ ಅಪೋಹನವೂ, ಎಂದರೆ ಇಲ್ಲವಾಗುವಿಕೆಯೂ, ತನ್ನಿಂದಲೇ ಎನ್ನುತ್ತಾನೆ. ಮರೆವನ್ನು ಈ ದೃಷ್ಟಿಯಿಂದ ನೋಡಿದರೆ ಅದು ಬರಿಯ ನಷ್ಟವಲ್ಲ. ಎಲ್ಲವೂ ಸದಾ ನೆನಪಿದ್ದಿದ್ದರೆ ಗುರುತಿಸುವಿಕೆಯೆಂಬುದೇ ಇರುತ್ತಿರಲಿಲ್ಲ, ಗುರುತಿಸುವಿಕೆ ಇಲ್ಲದೆ ಇಂದಿನವರು ಅಂದಿನ ಮಗುವಿಗೆ ಎದುರಾಗುವ ಸಂದರ್ಭವೂ ಬರುತ್ತಿರಲಿಲ್ಲ.

ಆದರೆ ಗುರುತಿಸಲು ವಸ್ತು ಎಲ್ಲಿಯಾದರೂ ಉಳಿದಿರಬೇಕು. ಮಕ್ಕಳ ಪುಸ್ತಕಗಳು ಓದಿಓದಿ ಹರಿದುಹೋಗುವುದರಿಂದಲೂ, ದೊಡ್ಡವರು ಅವನ್ನು ಗಂಭೀರ ಸಾಹಿತ್ಯವೆಂದು ಎಣಿಸದಿರುವುದರಿಂದಲೂ ಬೇರೆ ಪುಸ್ತಕಗಳಿಗಿಂತ ಬೇಗ ಕಣ್ಮರೆಯಾಗುತ್ತವೆ. ಮನೆಯ ಅಟ್ಟದಲ್ಲಿರುವ ಹಳೆಯ ಮಕ್ಕಳ ಪುಸ್ತಕವನ್ನು ರದ್ದಿಗೆ ಹಾಕುವ ಮೊದಲು ಅದರ ಹೆಸರು, ಲೇಖಕರು, ಚಿತ್ರಕಾರರು, ಪ್ರಕಾಶಕರು, ಅಚ್ಚಾದ ವರ್ಷ ಇಷ್ಟನ್ನು ಬರೆದಿಡುವುದು, ಸಾಧ್ಯವಾದರೆ ಹತ್ತಿರದ ಗ್ರಂಥಾಲಯಕ್ಕೆ ಕೊಡುವುದು ಓದುಗರ ಕರ್ತವ್ಯ. ಮಕ್ಕಳ ಪುಸ್ತಕದ ಸೂಚಿಯಲ್ಲಿ ಚಿತ್ರಕಾರರ ಹೆಸರನ್ನೂ ಕಥೆಯ ನಾಲ್ಕು ಸಾಲಿನ ಸಾರಾಂಶವನ್ನೂ ಸೇರಿಸುವುದು ಗ್ರಂಥಾಲಯಗಳ ಕರ್ತವ್ಯ. ಹೆಸರು ಮರೆತವರಿಗೆ ಪುಸ್ತಕ ಸಿಗಬೇಕಾದರೆ, ಹೆಸರು ಗೊತ್ತಿರುವವರು ಅದನ್ನು ಇಂದೇ ಬರೆದಿಡಬೇಕು.